ಕೆಂಡದ ಮಾಂಸಕ್ಕೆ ಮನೆಯ ಖಾರ

ಕೆಂಡದ ಮೇಲೆ ಸುಟ್ಟ ಮಾಂಸಕ್ಕೆ ರುಚಿ ಕೊಡುವ ಮಸಾಲೆ ಅಂಗಡಿಯ ಪೊಟ್ಟಣದಿಂದಲೇ ಬರಬೇಕೆಂದಿಲ್ಲ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಕಡೆ ಬೇಸಿಗೆಯಲ್ಲಿ ಮೆಣಸಿನಕಾಯಿ ಒಣಗಿಸಿ, ವರ್ಷಕ್ಕಾಗುವಷ್ಟು ಮಸಾಲಿ ಖಾರ ಮಾಡಿಟ್ಟುಕೊಳ್ಳುವ ರೂಢಿ ಇದೆ. ಆದರೆ ಆ ಖಾರವನ್ನು ಹಾಗೆಯೇ ಮಾಂಸಕ್ಕೆ ಸವರಿದರೆ ಸಾಲದು. ಅದರಲ್ಲಿರುವ ಕೊಬ್ಬರಿ, ಉಳ್ಳಾಗಡ್ಡಿ ಕೆಂಡದ ಶಾಖಕ್ಕೆ ಬೇಗ ಕರಕಾಗಿ ಕಹಿಯಾಗುತ್ತವೆ. ಸಾರಿಗೆ ಒಪ್ಪುವುದು ಸುಡುವುದಕ್ಕೆ ಒಪ್ಪದು.

ಒಂದು ಕಿಲೋ ಮಾಂಸಕ್ಕೆ ಹೀಗೆ ಮಾಡಿ ನೋಡಿ. ಬ್ಯಾಡಗಿ ಮೆಣಸಿನಕಾಯಿ 20 ಗ್ರಾಂ, ಹವೀಜ 10 ಗ್ರಾಂ, ಜೀರಿಗೆ 5 ಗ್ರಾಂ, ಕರಿಮೆಣಸು ಅರ್ಧ ಚಮಚ, ಲವಂಗ ನಾಲ್ಕು, ದಾಲ್ಚಿನ್ನಿ ಒಂದು ಚೂರು. ಇವನ್ನು ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಬೆಚ್ಚಗೆ ಮಾಡಿ, ಆರಿದ ಮೇಲೆ ತರಿತರಿಯಾಗಿ ಪುಡಿ ಮಾಡಿ. ಕೊನೆಗೆ ಅರ್ಧ ಚಮಚ ಅರಿಶಿನ ಸೇರಿಸಿ. ಉಪ್ಪು ಇದರಲ್ಲಿ ಬೆರೆಸಬೇಡಿ.

2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಬಣ್ಣದ ಅಂಶವೂ ಖಾರದ ಅಂಶವಾದ ಕ್ಯಾಪ್ಸೈಸಿನ್ನೂ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತವೆ, ನೀರಿನಲ್ಲಿ ಕರಗುವುದಿಲ್ಲ. ಆದ್ದರಿಂದ ಮೊದಲು ಮಾಂಸದ ತೇವ ಒರೆಸಿ, ಸ್ವಲ್ಪ ಎಣ್ಣೆ ಹಚ್ಚಿ, ಆಮೇಲೆ ಪುಡಿ ಸವರಿ.

ಉಪ್ಪಿನ ಕೆಲಸ ಬೇರೆ. ಅದು ಮೊದಲು ಮಾಂಸದ ನೀರನ್ನು ಹೊರಗೆಳೆಯುತ್ತದೆ. ಆ ನೀರಿನಲ್ಲಿ ತಾನೇ ಕರಗಿ, ನಿಧಾನವಾಗಿ ಒಳಗಿಳಿಯುತ್ತದೆ. ಕಿಲೋಗೆ 12 ಗ್ರಾಂ ಉಪ್ಪನ್ನು ಕೆಲವು ಗಂಟೆ ಮುಂಚೆ ಹಚ್ಚಿ ಫ್ರಿಜ್ಜಿನಲ್ಲಿಡಿ. ಫ್ರಿಜ್ ಇಲ್ಲದಿದ್ದರೆ ಸುಡುವ ಅರ್ಧ ಗಂಟೆ ಮುಂಚೆ ಹಚ್ಚಿದರೆ ಸಾಕು. ನಮ್ಮ ಬೇಸಿಗೆಯ ಬಿಸಿಗೆ ಹಸಿ ಮಾಂಸವನ್ನು ಹೊರಗೆ ಹೆಚ್ಚು ಹೊತ್ತು ಇಡುವುದು ಅಪಾಯಕಾರಿ.

ಇಷ್ಟೆಲ್ಲ ಶ್ರಮ ಏಕೆ ಎಂದು ನೀವು ಕೇಳಬಹುದು. ಕಾರಣ ರುಚಿಯೊಂದೇ ಅಲ್ಲ. ಸರಿಯಾಗಿ ಒಣಗದ ಮೆಣಸಿನಕಾಯಿಗೆ ಬೂಷ್ಟು ಹಿಡಿಯುತ್ತದೆ. ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತವೆ. ಇದು ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲದು, ಹುರಿದರೂ ಪೂರ್ತಿ ನಾಶವಾಗದು. ಕಾಯಿ ಇಡಿಯಾಗಿದ್ದರೆ ಮುರಿದು ಒಳಗೆ ನೋಡಬಹುದು. ಪುಡಿಯಾದ ಮೇಲೆ ಯಾರಿಗೂ ಕಾಣದು. ಬಣ್ಣದ ಕಲಬೆರಕೆಯೂ ಹಾಗೆಯೇ. ಮೆಣಸಿನ ಪುಡಿಯಲ್ಲಿ ಸುಡಾನ್ 1 ಎಂಬ ಕೈಗಾರಿಕಾ ಬಣ್ಣ ಪತ್ತೆಯಾದ ಮೇಲೆ, 2003ರಲ್ಲಿ ಯುರೋಪ್ ಒಕ್ಕೂಟವು ಆಮದಿಗೆ ಪರೀಕ್ಷೆಯ ಪ್ರಮಾಣಪತ್ರ ಕಡ್ಡಾಯ ಮಾಡಿತು. ಈ ಬಣ್ಣ ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ ಲೋಟದ ನೀರಿನ ಪರೀಕ್ಷೆಗೆ ಸಿಗುವುದಿಲ್ಲ.

ಇನ್ನು ಬೆಂಕಿ. ಉರಿಯುವ ಜ್ವಾಲೆ ಬೇಡ, ಬೂದಿ ಮುಸುಕಿದ ಕೆಂಡವಿರಲಿ. ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ಏಳುವ ಹೊಗೆಯಲ್ಲಿ ಹಾನಿಕರ ರಾಸಾಯನಿಕಗಳಿರುತ್ತವೆ. ಹೆಚ್ಚಿನ ಕೊಬ್ಬನ್ನು ಮೊದಲೇ ತೆಗೆಯಿರಿ, ಕರಕಾದ ಭಾಗವನ್ನು ಬಿಟ್ಟುಬಿಡಿ. ಕೋಳಿಯಾದರೆ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟುವಂತೆ ಚೆನ್ನಾಗಿ ಬೇಯಿಸಿ.

ಹೆಚ್ಚು ಪುಡಿ ಮಾಡಿದ್ದರೆ, ಹಸಿ ಮಾಂಸ ಮುಟ್ಟಿದ ಕೈಯನ್ನು ಡಬ್ಬಿಗೆ ಹಾಕದೆ, ಬೇಕಾದಷ್ಟನ್ನು ಮೊದಲೇ ಬಟ್ಟಲಿಗೆ ತೆಗೆದುಕೊಳ್ಳಿ. ಉಳಿದದ್ದನ್ನು ಗಾಳಿಯಾಡದ ಡಬ್ಬಿಯಲ್ಲಿ, ಬೆಳಕು ಬೀಳದ ಕಡೆ ಇಡಿ. ಬಣ್ಣವೂ ಘಮವೂ ಬಹುದಿನ ಉಳಿಯುತ್ತವೆ.