ಸ್ಪ್ರಿಂಗ್ ಮನುಷ್ಯನ ಮೊಮ್ಮಗ

ಬೇತಮಂಗಲದಿಂದ ಕೋಲಾರ ಚಿನ್ನದ ಗಣಿಯ ರಾಬರ್ಟ್‌ಸನ್‌ಪೇಟೆ ಕಡೆಗೆ ಹಳೆಯ ಜಾವಾ ಬೈಕ್ ಏರಿ ಹೊರಟರೆ ಎಂಜಿನ್ನಿಗಿಂತ ಜೋರಾಗಿ ಮಾತಾಡುವುದು ಮುಂದಿನ ಫೋರ್ಕು. ಗುಂಡಿಗೆ ಇಳಿದಾಗ ‘ಧಡ್’, ಮೇಲೆದ್ದಾಗ ‘ಟಕ್’. ಮೊದಲನೆಯದು ಸ್ಪ್ರಿಂಗು ಪೂರ್ತಿ ಕುಸಿದು ಲೋಹಕ್ಕೆ ಲೋಹ ತಾಗಿದ ಸದ್ದು. ಎರಡನೆಯದು, ಒಳಗಿನ ಆಯಿಲ್ ಸೋರಿಹೋಗಿ, ಹಿಡಿತವಿಲ್ಲದ ಸ್ಪ್ರಿಂಗು ಚಿಮ್ಮಿ ಬಡಿದದ್ದು. ಗ್ಯಾರೇಜಿನ ಮುಂದೆ ನಿಲ್ಲಿಸಿದರೆ ಸಿಗುವ ಸಲಹೆ ಹೆಚ್ಚುಕಡಿಮೆ ಒಂದೇ: “ಇದನ್ನ ಕಿತ್ತಾಕಿ ಅಣ್ಣಾ, ಪಲ್ಸರ್ ಫೋರ್ಕ್ ಹಾಕ್ಸಿಬಿಡಿ. ಡಿಸ್ಕ್ ಬ್ರೇಕೂ ಬಂದಂಗಾಗುತ್ತೆ.”

ಕಿತ್ತುಹಾಕುವ ಮುಂಚೆ ಆ ಫೋರ್ಕಿನ ಕುಲಗೋತ್ರ ಕೇಳುವುದು ಒಳ್ಳೆಯದು. ಅದನ್ನು ಹಿಡಿದು ಹೋದರೆ ಮೊದಲು ಮೈಸೂರಿನ ಯಾದವಗಿರಿ ಸಿಗುತ್ತದೆ. ಅಲ್ಲಿಂದಾಚೆಗೆ, ನಾಜಿಗಳ ಬೂಟಿನಡಿ ನರಳುತ್ತಿದ್ದ ಪ್ರಾಗ್ ನಗರ.

1939ರಿಂದ 1945ರವರೆಗೆ ಜರ್ಮನರ ಹಿಡಿತದಲ್ಲಿದ್ದ ಆ ಊರಿನಲ್ಲಿ ಒಂದು ವದಂತಿ ಹಬ್ಬಿತ್ತು. ಕತ್ತಲಾದ ಮೇಲೆ ಒಬ್ಬ ಮನುಷ್ಯ ಓಡಾಡುತ್ತಾನೆ, ಅವನ ಕಾಲಿನಲ್ಲಿ ಸ್ಪ್ರಿಂಗುಗಳಿವೆ, ಗೋಡೆಗಳನ್ನು ಒಂದೇ ನೆಗೆತಕ್ಕೆ ದಾಟುತ್ತಾನೆ, ಯಾರ ಕೈಗೂ ಸಿಗುವುದಿಲ್ಲ. ಚೆಕ್ ಭಾಷೆಯಲ್ಲಿ ‘ಪೇರೊ’ ಎಂದರೆ ಸ್ಪ್ರಿಂಗು. ಜನ ಅವನನ್ನು ‘ಪೇರಾಕ್’ ಎಂದರು. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಯೀರ್ಜಿ ತ್ರ್ನ್ಕಾ ಮತ್ತು ಯೀರ್ಜಿ ಬ್ರ್ದೆಚ್ಕಾ ಅವನ ಮೇಲೆ ಒಂದು ಪುಟ್ಟ ಕಾರ್ಟೂನ್ ಚಿತ್ರವನ್ನೇ ಮಾಡಿದರು. ಅದರಲ್ಲಿ ಚಿಮಣಿ ಗುಡಿಸುವ ಬಡವನೊಬ್ಬ ಕಾಲಿಗೆ ಸ್ಪ್ರಿಂಗು ಕಟ್ಟಿಕೊಂಡು ಹಿಟ್ಲರನ ಎಸ್‌ಎಸ್ ಪಡೆಯವರನ್ನು ಆಟವಾಡಿಸುತ್ತಾನೆ.

ಅದೇ ವರ್ಷ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಜಾವಾ ಕಂಪನಿ 250 ಸಿಸಿಯ ಹೊಸ ಬೈಕನ್ನು ಇಳಿಸಿತು. ಆಕ್ರಮಣದ ದಿನಗಳಲ್ಲೇ ಎಂಜಿನಿಯರುಗಳು ಜರ್ಮನರ ಕಣ್ಣು ತಪ್ಪಿಸಿ ಅದರ ನಕ್ಷೆ ಸಿದ್ಧಮಾಡಿದ್ದರು. ಕಂಪನಿ ಕಟ್ಟಿದ ಫ್ರಾಂತಿಶೆಕ್ ಯಾನೆಚೆಕ್ 1941ರಲ್ಲೇ ತೀರಿಕೊಂಡಿದ್ದರಿಂದ ಅವರು ಅದನ್ನು ಕಾಣಲಿಲ್ಲ. ಬೈಕಿನ ಮುಂದೆ ಟೆಲಿಸ್ಕೋಪಿಕ್ ಫೋರ್ಕು, ಹಿಂದೆ ಪ್ಲಂಜರ್ ಸಸ್ಪೆನ್ಷನ್. ಎರಡೂ ಚಕ್ರ ಸ್ಪ್ರಿಂಗಿನ ಮೇಲೆ ತೇಲುತ್ತಿದ್ದ ಆ ಬೈಕಿಗೆ ಜನ ಇಟ್ಟ ಹೆಸರೂ ಪೇರಾಕ್! ಕಾಲಿಗೆ ಸ್ಪ್ರಿಂಗ್ ಕಟ್ಟಿಕೊಂಡವನ ಹೆಸರು ಹೀಗೆ ಒಂದು ಮೋಟಾರ್‌ಸೈಕಲ್ಲಿಗೆ ಅಂಟಿಕೊಂಡಿತು. 1954ರಲ್ಲಿ ಹಿಂಬದಿಯ ಪ್ಲಂಜರ್ ಹೋಗಿ ತೂಗುವ ಸ್ವಿಂಗ್ ಆರ್ಮ್ ಬಂದಾಗ ಹೊಸ ಮಾದರಿಯನ್ನು ‘ಕೀವಾಚ್ಕಾ’, ಅಂದರೆ ತೂಗಾಡುವುದು, ಎಂದು ಕರೆದರು. ಬೈಕನ್ನು ಅದರ ವೇಗದಿಂದಲ್ಲ, ಸವಾರನ ಬೆನ್ನಿಗೆ ಅದು ಕೊಟ್ಟ ಸುಖದಿಂದ ಗುರುತಿಸಿದ ಜನ ಅವರು.

ಟೆಲಿಸ್ಕೋಪಿಕ್ ಫೋರ್ಕನ್ನು ಜಾವಾ ಕಂಡುಹಿಡಿಯಲಿಲ್ಲ. ಆಯಿಲ್ಲಿನ ಹಿಡಿತವಿರುವ ಅಂಥ ಫೋರ್ಕನ್ನು ಕಾರ್ಖಾನೆಯ ಬೈಕಿಗೆ ಮೊದಲು ಕೂರಿಸಿದ್ದು ಬಿಎಂಡಬ್ಲ್ಯೂ, 1935ರಲ್ಲಿ. ಅದಕ್ಕೂ ಮುಂಚೆ ಬಹುತೇಕ ಬೈಕುಗಳಿಗೆ ಗರ್ಡರ್ ಫೋರ್ಕು: ನಾಲ್ಕು ಸಲಾಕೆಗಳ ಚೌಕಟ್ಟು, ಹೆಡ್‌ಲೈಟಿನ ಹಿಂದೆ ಒಂದು ದಪ್ಪ ಸ್ಪ್ರಿಂಗು, ಆಗಾಗ ಗ್ರೀಸ್ ಬೇಡುವ ಪಿನ್ನುಗಳು.

ಕೀವಾಚ್ಕಾ ಸಂತತಿಯ 353 ಮಾದರಿಯೇ ನಮ್ಮ ಜಾವಾ. ರುಸ್ತುಂ ಮತ್ತು ಫಾರೂಖ್ ಇರಾನಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಸ್ಥಾಪಿಸಿದರು. ಜಯಚಾಮರಾಜೇಂದ್ರ ಒಡೆಯರ್ ಅದನ್ನು ಉದ್ಘಾಟಿಸಿದರು. 1961ರಿಂದ ಬೈಕುಗಳು ಹೊರಬಂದವು. 1973ರಲ್ಲಿ ಹೆಸರು ಯೆಜ್ದಿ ಎಂದಾಯಿತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಐದು ವರ್ಷ ಕಳೆದು, 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಯೂ ಮುಚ್ಚಿತು. ಬೇತಮಂಗಲ ಕೆರೆಯಲ್ಲಿ ನಿಂತ ಪಾಲಾರ್ ನೀರನ್ನು ಇಪ್ಪತ್ತನೇ ಶತಮಾನದ ಆರಂಭದಿಂದ ಕುಡಿದು ಬೆಳೆದ ಗಣಿ ಅದು. ಎರಡೂ ಕಡೆ ಚದುರಿಹೋದದ್ದು ಒಂದೇ ಜಾತಿಯ ಕೈಗಳು. ಟರ್ನರು, ಫಿಟ್ಟರು, ನೂಲಿನೆಳೆಯಷ್ಟು ವ್ಯತ್ಯಾಸವನ್ನು ಬೆರಳ ತುದಿಯಲ್ಲೇ ಹೇಳಬಲ್ಲವರು. ಜಾವಾ ಹೆಸರು 2018ರಲ್ಲಿ, ಯೆಜ್ದಿ 2022ರಲ್ಲಿ ಮರಳಿದವು ನಿಜ. ಆದರೆ ಅವು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಮೈಸೂರಿಗೆ ಸಿಕ್ಕಿದ್ದು ನೆನಪು ಮಾತ್ರ, ಅದು ಸಾಲದು.

ಗ್ಯಾರೇಜಿನ ಸಲಹೆಗೆ ಮರಳೋಣ. ಅದರಲ್ಲಿ ಹುರುಳಿದೆ. ಹಳೆಯ ಡ್ರಮ್ ಬ್ರೇಕಿಗಿಂತ ಡಿಸ್ಕು ಚೆನ್ನಾಗಿ ನಿಲ್ಲಿಸುತ್ತದೆ, ಇಂದಿನ ಫೋರ್ಕಿನ ಪೈಪು ದಪ್ಪ, ಬಿಡಿಭಾಗ ಯಾವ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಜಾವಾದ ಫೋರ್ಕು ಬರೀ ಎರಡು ಕಾಲುಗಳಲ್ಲ. ಹೆಡ್‌ಲೈಟಿನ ಗೂಡು, ಅದರ ನೆತ್ತಿಯ ಮೇಲಿನ ಸ್ಪೀಡೋಮೀಟರು, ಕೆಳಗಿಳಿಯುವ ತಗಡಿನ ಕವಚ ಎಲ್ಲವೂ ಫೋರ್ಕಿಗೇ ಹೊಂದಿಕೊಂಡಿವೆ. ಫೋರ್ಕು ಹೋದರೆ ಮುಖವೇ ಹೋದಂತೆ. 16 ಇಂಚಿನ ಚಕ್ರವೂ ಅದರ ಹಬ್ಬೂ ಹಿಂದೆಯೇ ಗುಜರಿಗೆ ಹೋಗುತ್ತವೆ.

ಅಂದಕ್ಕಿಂತ ದೊಡ್ಡ ತಂಟೆ ಇನ್ನೊಂದಿದೆ. ಹ್ಯಾಂಡಲ್ ತಿರುಗುವ ಅಕ್ಷವನ್ನು ಗೆರೆಯಾಗಿ ನೆಲದವರೆಗೆ ಎಳೆದರೆ, ಟಯರು ನೆಲ ಮುಟ್ಟುವ ಜಾಗಕ್ಕಿಂತ ಸ್ವಲ್ಪ ಮುಂದೆ ಬೀಳುತ್ತದೆ. ಆ ಅಂತರಕ್ಕೆ ಟ್ರೇಲ್ ಎನ್ನುತ್ತಾರೆ. ಬೈಕು ತಾನಾಗಿ ನೆಟ್ಟಗೆ ಓಡುವುದು ಬಹುಮಟ್ಟಿಗೆ ಅದರ ಬಲದಿಂದ. ಉದ್ದದ ಫೋರ್ಕು ಹಾಕಿದರೆ ಮುಂಭಾಗ ಎದ್ದು ಟ್ರೇಲ್ ಹೆಚ್ಚುತ್ತದೆ, ಹ್ಯಾಂಡಲ್ ಭಾರವಾಗುತ್ತದೆ. ಗಿಡ್ಡದ್ದಾದರೆ ಟ್ರೇಲ್ ಕುಗ್ಗಿ ವೇಗದಲ್ಲಿ ಹ್ಯಾಂಡಲ್ ನಡುಗಬಹುದು. ಬೇರೆ ಬೈಕಿನ ಟೀ, ಅಂದರೆ ಫೋರ್ಕಿನ ಎರಡೂ ಕಾಲುಗಳನ್ನು ಹಿಡಿದಿಡುವ ತುಂಡು, ಜಾವಾದ ಕೋನ್‌ಸೆಟ್ಟಿಗೆ (ಹ್ಯಾಂಡಲ್ ತಿರುಗುವ ಬೇರಿಂಗಿಗೆ) ಕೂರಲೆಂದು ಅದರ ದಂಡವನ್ನು ಕತ್ತರಿಸಿ ವೆಲ್ಡ್ ಮಾಡುವವರಿದ್ದಾರೆ. ಸವಾರನ ಪ್ರಾಣ ನೇತಾಡುವ ಜಾಗದಲ್ಲಿ ಅಂಥ ವೆಲ್ಡಿಂಗ್ ಕೂಡದು.

ಹೊರಗಿನ ರೂಪ ಮುಟ್ಟದೆ ಒಳಗನ್ನು ಸುಧಾರಿಸುವ ದಾರಿಯೊಂದಿದೆ, ಅದು ತಾಳ್ಮೆ ಬೇಡುತ್ತದೆ. ಪೈಪು ಬಾಗಿದೆಯೇ ಎಂದು ವಿ-ಬ್ಲಾಕಿನ ಮೇಲಿಟ್ಟು ಡಯಲ್ ಗೇಜಿನಿಂದ ನೋಡಬೇಕು. ಕ್ರೋಮ್ ಮೇಲೆ ತುಕ್ಕಿನ ಚುಕ್ಕಿಗಳಿದ್ದರೆ ಎಷ್ಟು ಹೊಸ ಆಯಿಲ್ ಸೀಲ್ ಹಾಕಿದರೂ ಅವು ಅದನ್ನು ತಿಂದುಹಾಕುತ್ತವೆ. ಮರಳಿ ಹಾರ್ಡ್ ಕ್ರೋಮ್ ಮಾಡಿಸಿ ಗ್ರೈಂಡ್ ಮಾಡಿಸುವುದೇ ಮದ್ದು. ಸವೆದ ಬುಷ್ ಬದಲಿಸಬೇಕು. ಎರಡೂ ಕಾಲಿಗೆ ಅಳೆದು ಸಮಸಮ ಆಯಿಲ್ ಸುರಿಯಬೇಕು.

ಸ್ಪ್ರಿಂಗಿನ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳ. ಮೇಲೊಂದು ಸ್ಪೇಸರ್ ಇಟ್ಟರೆ ಸ್ಪ್ರಿಂಗು ಗಡುಸಾಗುವುದಿಲ್ಲ. ಬೈಕಿನ ಮುಂಭಾಗ ಎತ್ತರ ನಿಲ್ಲುತ್ತದೆ, ಅಷ್ಟೇ. ನಿಜವಾಗಿ ಗಡುಸು ಬೇಕಾದರೆ ದಪ್ಪ ತಂತಿಯ ಅಥವಾ ಕಡಿಮೆ ಸುತ್ತಿನ ಸ್ಪ್ರಿಂಗು ಬೇಕು. ಇನ್ನು ಆಯಿಲ್. ಹಳೆಯ ಫೋರ್ಕಿನಲ್ಲಿ ಅದು ಸಣ್ಣ ತೂತುಗಳ ಮೂಲಕ ನುಗ್ಗಬೇಕು. ನುಗ್ಗುವ ವೇಗ ಇಮ್ಮಡಿಯಾದರೆ ಪ್ರತಿರೋಧ ಹತ್ತಿರಹತ್ತಿರ ನಾಲ್ಮಡಿಯಾಗುತ್ತದೆ. ಆದ್ದರಿಂದಲೇ ನಿಧಾನದ ಏರಿಳಿತದಲ್ಲಿ ಮೆತ್ತಗೆ ತೂಗುವ ಬೈಕು ಚೂಪಾದ ಗುಂಡಿಗೆ ಮುಷ್ಟಿಯಂತೆ ಗುದ್ದುತ್ತದೆ. ಮಂದ ಆಯಿಲ್ ಹಾಕಿದರೆ ತೂಗಾಟ ನಿಲ್ಲುತ್ತದೆ, ಗುದ್ದು ಹೆಚ್ಚುತ್ತದೆ. ಎರಡರ ನಡುವೆ ಹದ ಹುಡುಕಬೇಕು, ಒಂದೇ ದಿನಕ್ಕೆ ಅದು ಸಿಗುವುದಿಲ್ಲ.

ಫೋರ್ಕು ಉಳಿಸಿಕೊಳ್ಳಲು ಈಗ ಕಾನೂನಿನ ಕಾರಣವೂ ಸೇರಿಕೊಂಡಿದೆ. 2021ರ ಜುಲೈಯಲ್ಲಿ ಬಂದ ಕೇಂದ್ರದ ನಿಯಮ, ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ವಾಹನಕ್ಕೆ ವಿಂಟೇಜ್ ಮಾನ್ಯತೆ ಕೊಡುತ್ತದೆ. ಜಾವಾ ಹೆಸರಿನಲ್ಲಿ 1973ರವರೆಗೆ ಮೈಸೂರಿನಿಂದ ಬಂದ ಬೈಕುಗಳೆಲ್ಲ ಆ ವಯಸ್ಸು ಮುಟ್ಟಿವೆ. ಪಲ್ಸರ್ ಫೋರ್ಕಿನ ಜಾವಾವನ್ನು ಮೂಲ ರೂಪದ್ದು ಎಂದು ಯಾರೂ ವಾದಿಸಲಾರರು.

ಕೆಲಸ ಮುಗಿದ ಮೇಲೆ ಪರೀಕ್ಷೆಗೆ ಬೇಕಾಗುವುದು ಒಂದು ಟೇಪು, ಇನ್ನೊಬ್ಬ ಮನುಷ್ಯ. ಜಾವಾದ ಪೈಪು ಕವಚದೊಳಗೆ ಅಡಗಿರುವುದರಿಂದ ಆಕ್ಸಲ್ಲಿನಿಂದ ಹೆಡ್‌ಲೈಟ್ ಗೂಡಿನ ಕೆಳಅಂಚಿನವರೆಗೆ ಅಳೆಯಬೇಕು. ಮೊದಲು ಮುಂದಿನ ಚಕ್ರ ನೆಲ ಬಿಟ್ಟಿರುವಾಗ, ಆಮೇಲೆ ಸವಾರ ಕೂತಾಗ. ಫೋರ್ಕಿನ ಒಟ್ಟು ಆಟದಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಇಳಿದರೆ ಹದ ಸರಿ. ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ಬಲವಾಗಿ ಒತ್ತಿ ಬಿಟ್ಟರೆ ಫೋರ್ಕು ಒಂದೇ ಸಲ ಮೇಲೆ ಬಂದು ನಿಲ್ಲಬೇಕು, ಮತ್ತೆ ತೂಗಬಾರದು. ಆಗಲೂ ‘ಟಕ್’ ಕೇಳಿದರೆ ಕೋನ್‌ಸೆಟ್ ಬಿಗಿ ಮಾಡಿ, ಮತ್ತೊಮ್ಮೆ ಒತ್ತಿ ನೋಡಬೇಕು.