ಗಂಡೋ ಹೆಣ್ಣೋ? ಹಸುವನ್ನು ದೂರಬೇಡಿ

ದೇವರಾಯನದುರ್ಗದ ತಪ್ಪಲಿನ ಹಳ್ಳಿಗಳಲ್ಲಿ ಸೀಮೆಹಸು ಈಯಿತೆಂದರೆ ಮೊದಲ ಪ್ರಶ್ನೆ, ‘ಯಾವ ಕರು?’ ಹೆಣ್ಣಾದರೆ ಮನೆಯವರಿಗೆ ಸಂತೋಷ. ಗಂಡಾದರೆ ಮುಖ ಸಪ್ಪೆ. ಟ್ರಾಕ್ಟರ್ ಬಂದ ಮೇಲೆ ಉಳಲು ಎತ್ತು ಬೇಕಿಲ್ಲ. ಹಾಲು ಕೊಡದ ಕರುವಿಗೆ ಮೇವು ಹಾಕುವುದು ಸಣ್ಣ ರೈತನಿಗೆ ಹೊರೆಯೇ ಸರಿ.

‘ಈ ಹಸು ಬರೀ ಗಂಡುಗರು ಹಾಕುತ್ತೆ’ ಎಂದು ದೂರುವವರುಂಟು. ಪಾಪ, ಹಸುವಿನ ತಪ್ಪೇನು? ಅದರ ಅಂಡಾಣುಗಳಲ್ಲಿ ಇರುವುದು ಎಕ್ಸ್ ವರ್ಣತಂತು ಮಾತ್ರ. ಹೋರಿಯ ವೀರ್ಯಾಣುಗಳಲ್ಲಿ ಸುಮಾರು ಅರ್ಧದಷ್ಟು ಎಕ್ಸ್, ಉಳಿದವು ವೈ. ಎಕ್ಸ್ ಸೇರಿದರೆ ಹೆಣ್ಣು, ವೈ ಸೇರಿದರೆ ಗಂಡು. ಸೊಸೆಯನ್ನು ದೂರುವ ಅತ್ತೆಯರೂ ಇದನ್ನು ಓದಿಕೊಳ್ಳಬಹುದು.

ನಮ್ಮ ದೇಶದಲ್ಲಿ ದನಗಳ ಕೃತಕ ಗರ್ಭಧಾರಣೆ ಶುರುವಾದದ್ದು ಮೈಸೂರಿನಲ್ಲೇ. 1939ರಲ್ಲಿ ಅರಮನೆಯ ಡೇರಿ ಫಾರಂನಲ್ಲಿ ಡಾ. ಸಂಪತ್ ಕುಮಾರನ್ ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೀನ್ ಹೋರಿಯ ವೀರ್ಯ ಕೊಟ್ಟು ಫಲ ನಿಲ್ಲಿಸಿದರು. ಈಗ ಹೆಸರಘಟ್ಟದಂಥ ಕೇಂದ್ರಗಳಲ್ಲಿ ವೀರ್ಯವನ್ನು ಸ್ಟ್ರಾಗಳಲ್ಲಿ ತುಂಬಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತಾರೆ.

ಆದರೆ ಎಕ್ಸ್, ವೈ ಬೇರ್ಪಡಿಸುವುದು ಹೇಗೆ? ದನಗಳಲ್ಲಿ ಎಕ್ಸ್ ವೀರ್ಯಾಣುವಿನ ಡಿಎನ್‌ಎ ವೈಗಿಂತ ಸುಮಾರು ಶೇ. 3.8ರಷ್ಟು ಹೆಚ್ಚು. ಡಿಎನ್‌ಎಗೆ ಅಂಟುವ ಬಣ್ಣ ಹಾಕಿ, ವೀರ್ಯಾಣುಗಳನ್ನು ಒಂದೊಂದಾಗಿ ಲೇಸರ್ ಕಿರಣದ ಮುಂದೆ ಹಾಯಿಸಿದರೆ ಎಕ್ಸ್ ಇದ್ದದ್ದು ತುಸು ಹೆಚ್ಚು ಹೊಳೆಯುತ್ತದೆ. ಅದಿರುವ ಹನಿಗೆ ವಿದ್ಯುದಾವೇಶ ಕೊಟ್ಟು ಪಕ್ಕದ ಪಾತ್ರೆಗೆ ಎಳೆದುಕೊಳ್ಳುತ್ತಾರೆ. ಅಮೆರಿಕದ ಲಾರೆನ್ಸ್ ಜಾನ್ಸನ್ 1989ರಲ್ಲಿ ಮೊಲಗಳಲ್ಲಿ ಇದನ್ನು ಸಾಧಿಸಿ ತೋರಿಸಿದರು. ನಮ್ಮಲ್ಲೇ ತಯಾರಾದ ‘ಗೌಸಾರ್ಟ್’ ತಂತ್ರಜ್ಞಾನ 2024ರಲ್ಲಿ ಬಳಕೆಗೆ ಬಂತು. ಹೀಗೆ ಬೇರ್ಪಡಿಸಿದ ವೀರ್ಯದಿಂದ ಹುಟ್ಟುವ ಹತ್ತು ಕರುಗಳಲ್ಲಿ ಸುಮಾರು ಒಂಬತ್ತು ಹೆಣ್ಣು.

ಇಲ್ಲೊಂದು ಕೊಕ್ಕೆಯಿದೆ. ಸಾಮಾನ್ಯ ಸ್ಟ್ರಾದಲ್ಲಿ ಸುಮಾರು 2 ಕೋಟಿ ವೀರ್ಯಾಣುಗಳಿದ್ದರೆ ಇದರಲ್ಲಿ 20 ಲಕ್ಷದಷ್ಟು ಮಾತ್ರ. ಅವೂ ಬಣ್ಣ, ಬೆಳಕು, ಒತ್ತಡಗಳಿಂದ ಬಳಲಿರುತ್ತವೆ. ಆದ್ದರಿಂದ ಫಲ ನಿಲ್ಲುವ ಪ್ರಮಾಣ ಸಾಮಾನ್ಯ ವೀರ್ಯಕ್ಕಿಂತ ಕಡಿಮೆ. ಮೈತುಂಬಿದ, ಬೆದೆ ಸ್ಪಷ್ಟವಾಗಿ ಕಾಣುವ ಕಡಸಿಗೆ ಕೊಡಿಸುವುದು ಲೇಸು. ಪದೇ ಪದೇ ಬೆದೆಗೆ ಮರಳುವ ಹಸುವಿಗೆ ಕೊಡಿಸಿದರೆ ದುಡ್ಡು ದಂಡ. ಬೆದೆಯ ಹೊತ್ತನ್ನು ಡಾಕ್ಟರಿಗೆ ಸರಿಯಾಗಿ ಹೇಳುವುದು ಮನೆಯವರ ಕೆಲಸ.

ಹೋರಿಯ ಆರೋಗ್ಯವೂ ಮುಖ್ಯ. ವೀರ್ಯಾಣು ತಯಾರಾಗಲು ಸುಮಾರು ಎರಡು ತಿಂಗಳು ಬೇಕು. ಇಂದು ಬಿಸಿಲಿಗೋ ಜ್ವರಕ್ಕೋ ಸಿಕ್ಕಿದರೆ ಗುಣಮಟ್ಟ ಕೆಡುವುದು ಕೆಲವು ವಾರಗಳ ಬಳಿಕ ಕಾಣುತ್ತದೆ. ಕರಗಿಸಿದ ಮೇಲೆ ಅರ್ಧದಷ್ಟಾದರೂ ವೀರ್ಯಾಣುಗಳು ಚುರುಕಾಗಿ ಮುಂದೆ ಈಜದಿದ್ದರೆ, ಆ ಸಾಮಾನ್ಯ ವೀರ್ಯದ ಸ್ಟ್ರಾಗಳನ್ನು ಕೇಂದ್ರದವರು ಹೊರಗೆ ಬಿಡುವಂತಿಲ್ಲ.

‘ಮನುಷ್ಯರಿಗೂ ಹೀಗೆ ಮಾಡಬಹುದೆ ಸಾರ್?’ ಎಂದು ಮಕ್ಕಳು ಕೇಳುವುದುಂಟು. ಮಾಡಕೂಡದು, ನಮ್ಮ ದೇಶದಲ್ಲಿ ಗರ್ಭ ಧರಿಸುವ ಮುಂಚಿನ ಲಿಂಗ ಆಯ್ಕೆಯೂ ಅಪರಾಧ.

ಹಳ್ಳಿಕಾರ್ ಸಾಕಿದವರ ಲೆಕ್ಕವೇ ಬೇರೆ. ಸಿದ್ಧಗಂಗೆಯ ದನಗಳ ಜಾತ್ರೆಗೆ ಅವರು ಹಿಡಿದು ಬರುವುದು ಜೋಡಿ ಎತ್ತುಗಳನ್ನು. ಅವರಿಗೆ ಬೇಕಾಗುವುದು ಇನ್ನೊಂದು ಪಾತ್ರೆಗೆ ಬಿದ್ದ ವೈ ವೀರ್ಯಾಣುಗಳೇ.