ಚಲಚ್ಚಿತ್ರ ಯಂತ್ರವೂ ಹೊಲಿಗೆಯ ಯಂತ್ರವೂ

ಚಲಚ್ಚಿತ್ರವೆಂಬುದು ವಾಸ್ತವವಾಗಿ ಚಲಿಸದ ಚಿತ್ರಗಳ ಒಂದು ಸಾಲು. ಸ್ಥಿರವಾದ ಛಾಯಾಚಿತ್ರಗಳನ್ನು ಒಂದರ ಬೆನ್ನಿಗೆ ಒಂದರಂತೆ, ಸೆಕೆಂಡಿಗೆ ಸುಮಾರು ೧೬ರ ವೇಗದಿಂದ ತೋರಿಸಿದರೆ, ನಮ್ಮ ಕಣ್ಣೂ ಮಿದುಳೂ ಕೂಡಿ ಅವುಗಳನ್ನು ಒಂದೇ ಚಲನೆಯೆಂದು ಗ್ರಹಿಸುತ್ತವೆ. ಇದನ್ನು ಕಂಡುಹಿಡಿದವರು ಯಾರೆಂದು ನಮ್ಮ ವಿದ್ಯಾರ್ಥಿನಿಯರು ಕೇಳುವುದುಂಟು. ಒಂದೇ ಹೆಸರನ್ನು ಹೇಳಿ ಮುಗಿಸುವಂತಿಲ್ಲ. ೧೮೭೮ರಲ್ಲಿ ಅಮೆರಿಕದಲ್ಲಿ ಮೈಬ್ರಿಜ್ ಎಂಬವರು ೧೨ ಕ್ಯಾಮೆರಾಗಳನ್ನು ಸಾಲಾಗಿ ನಿಲ್ಲಿಸಿ, ಓಡುವ ಕುದುರೆಯ ಚಿತ್ರಗಳನ್ನು ತೆಗೆದರು. ೧೮೮೨ರಲ್ಲಿ ಫ್ರಾನ್ಸಿನ ಮಾರೆ ಎಂಬ ಶಾಸ್ತ್ರಜ್ಞರು ಕೋವಿಯ ಆಕಾರದ ಒಂದೇ ಯಂತ್ರದಿಂದ, ಹಾರುವ ಹಕ್ಕಿಯ ೧೨ ಚಿತ್ರಗಳನ್ನು ಒಂದು ಸೆಕೆಂಡಿನಲ್ಲಿ ಹಿಡಿದರು. ಹಕ್ಕಿಗೆ ಯಾವ ಹಾನಿಯನ್ನೂ ಮಾಡದ ಕೋವಿ ಅದು! ೧೮೮೯ರಲ್ಲಿ ಈಸ್ಟ್‌ಮನ್ ಕಂಪೆನಿಯವರು ಬಳುಕುವ ಸೆಲ್ಯುಲಾಯ್ಡ್ ಫಿಲ್ಮಿನ ಸುರುಳಿಯನ್ನು ಮಾರಾಟಕ್ಕೆ ತಂದರು.

ಎಡಿಸನ್ನರೂ ಅವರ ಸಹಾಯಕರಾದ ಡಿಕ್ಸನ್ನರೂ ರಚಿಸಿದ ಕಿನೆಟೊಸ್ಕೋಪ್ ಎಂಬ ಪೆಟ್ಟಿಗೆಯು ೧೮೯೪ರಲ್ಲಿ ನ್ಯೂಯಾರ್ಕಿನಲ್ಲಿ ಜನರ ಮುಂದೆ ಬಂದಿತು. ಅದರ ಕಿಂಡಿಗೆ ಕಣ್ಣಿಟ್ಟು ಒಬ್ಬೊಬ್ಬರಾಗಿ ನೋಡಬೇಕಾಗಿತ್ತು. ಅದರೊಳಗೆ ಫಿಲ್ಮು ಎಲ್ಲಿಯೂ ನಿಲ್ಲದೆ ಓಡುತ್ತಿದ್ದುದರಿಂದ ಒಂದೊಂದು ಚಿತ್ರಕ್ಕೂ ದೊರೆಯುವ ಬೆಳಕು ಅತ್ಯಲ್ಪ. ದೊಡ್ಡ ತೆರೆಯ ಮೇಲೆ ಬೀಳಿಸಲು ಅದು ಸಾಲದು. ಆದುದರಿಂದ ಫಿಲ್ಮನ್ನು ಓಡಿಸುವುದಕ್ಕಿಂತಲೂ ಅದನ್ನು ಕ್ಷಣಕ್ಷಣವೂ ನಿಲ್ಲಿಸುವುದೇ ಕಠಿಣವಾದ ಸಮಸ್ಯೆಯಾಯಿತು. ನಿಲ್ಲಬೇಕು, ಒಂದು ಚಿತ್ರದಷ್ಟು ಸರಿಯಬೇಕು, ಪುನಃ ನಿಲ್ಲಬೇಕು. ಹೀಗೆ ಸೆಕೆಂಡಿಗೆ ೧೬ ಸಲ, ಫಿಲ್ಮು ಹರಿಯದಂತೆ!

ಫ್ರಾನ್ಸಿನ ಲಿಯೋನ್ ಪಟ್ಟಣದ ಲೂಯಿ ಲೂಮಿಯೇರರಿಗೆ, ನಿದ್ರೆ ಬಾರದ ಒಂದು ರಾತ್ರಿ ಹೊಲಿಗೆಯ ಯಂತ್ರದ ಚಲನೆಯಿಂದ ಇದಕ್ಕೆ ಉಪಾಯ ಹೊಳೆಯಿತೆಂದು ಹೇಳುತ್ತಾರೆ. ಹೊಲಿಗೆಯ ತರಗತಿಯಲ್ಲಿ ಕುಳಿತವರಿಗೆ ನಾವು ಹೆಚ್ಚು ವಿವರಿಸಬೇಕಾಗಿಲ್ಲ. ಸೂಜಿಯು ಬಟ್ಟೆಯೊಳಗಿರುವಾಗ ಬಟ್ಟೆ ನಿಲ್ಲುತ್ತದೆ; ಸೂಜಿ ಮೇಲೆದ್ದಾಗ ಕೆಳಗಿನ ಹಲ್ಲುಗಳು ಎದ್ದು ಬಟ್ಟೆಯನ್ನು ಒಂದು ಹೊಲಿಗೆಯಷ್ಟು ಮುಂದೂಡಿ ತಗ್ಗುತ್ತವೆ. ಲೂಮಿಯೇರರ ಯಂತ್ರದಲ್ಲಿಯೂ ಅಂತೆಯೇ ಎರಡು ಕೊಕ್ಕೆಗಳು ಫಿಲ್ಮಿನ ಅಂಚಿನ ತೂತುಗಳೊಳಗೆ ಹೊಕ್ಕು, ಅದನ್ನು ಒಂದು ಚಿತ್ರದಷ್ಟು ಕೆಳಕ್ಕೆಳೆದು ಹಿಂದೆಗೆಯುತ್ತವೆ. ಎಳೆಯುವಷ್ಟು ಹೊತ್ತು ಒಂದು ಮರೆ ಬೆಳಕನ್ನು ತಡೆಯುತ್ತದೆ. ಚಿತ್ರ ತೆಗೆಯಲೂ, ಅದರ ಪ್ರತಿ ಮಾಡಲೂ, ತೆರೆಯ ಮೇಲೆ ತೋರಿಸಲೂ ಕೈಯಿಂದ ತಿರುಗಿಸುವ ಇದೊಂದೇ ಯಂತ್ರ ಸಾಕಾಗಿತ್ತು. ಲೂಯಿಯವರೂ ಅಣ್ಣನಾದ ಓಗ್ಯುಸ್ತರೂ ೧೮೯೫ರ ಫೆಬ್ರವರಿ ೧೩ರಂದು ಇದಕ್ಕೆ ಪೇಟೆಂಟ್ ಪಡೆದರು.

ಅದೇ ವರ್ಷದ ಡಿಸೆಂಬರ್ ೨೮ರಂದು ಪ್ಯಾರಿಸ್ಸಿನ ಗ್ರ್ಯಾಂಡ್ ಕೆಫೆಯ ನೆಲಮಾಳಿಗೆಯಲ್ಲಿ, ತಲೆಗೆ ಒಂದು ಫ್ರಾಂಕ್ ಕೊಟ್ಟ ೩೩ ಮಂದಿಯ ಮುಂದೆ, ಒಂದೊಂದು ನಿಮಿಷಕ್ಕೂ ಕಡಿಮೆಯಾದ ೧೦ ಚಿತ್ರಗಳನ್ನು ತೋರಿಸಲಾಯಿತು. ಆ ಕೋಣೆಯ ಹೆಸರು 'ಇಂಡಿಯನ್ ಸಲೋನ್' ಎಂಬುದು ಸೋಜಿಗ. ೧೮೯೬ರ ಜುಲೈ ೭ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಇಂಡಿಯಾದ ಜನರೂ ಲೂಮಿಯೇರರ ಚಿತ್ರಗಳನ್ನು ಕಂಡರು.

ಪ್ಯಾರಿಸ್ಸಿನ ಆ ಪ್ರದರ್ಶನದ ಮೊದಲನೆಯ ಚಿತ್ರದಲ್ಲಿ ರಾಜರೂ ಇಲ್ಲ, ಸೇನೆಯೂ ಇಲ್ಲ. ಲೂಮಿಯೇರರ ಕಾರ್ಖಾನೆಯ ಬಾಗಿಲು ತೆರೆಯುತ್ತದೆ, ಕೆಲಸ ಮುಗಿಸಿದವರು ಹೊರಬರುತ್ತಾರೆ. ಅವರಲ್ಲಿ ಬಹುಮಂದಿ ಹೆಂಗಸರು. ಅವರ ಹೆಸರುಗಳನ್ನು ಚರಿತ್ರೆಯ ಪುಸ್ತಕಗಳು ಹೇಳುವುದಿಲ್ಲ.

ಹೆಸರು ಮರೆಯಾದ ಮತ್ತೊಬ್ಬ ಸ್ತ್ರೀಯನ್ನೂ ಇಲ್ಲಿ ನೆನೆಯಲೇಬೇಕು. ಮಾರ್ಚ್ ತಿಂಗಳಲ್ಲಿ ಈ ಚಿತ್ರವನ್ನು ಆಹ್ವಾನಿತರಿಗೆ ತೋರಿಸಿದಾಗ, ಗೋಮಾಂ ಎಂಬವರ ಕಚೇರಿಯಲ್ಲಿ ಪತ್ರವ್ಯವಹಾರ ನೋಡುತ್ತಿದ್ದ ಆಲಿಸ್ ಗೀ ಎಂಬ ತರುಣಿಯೂ ಯಜಮಾನರೊಡನೆ ಹೋಗಿದ್ದರು. ಈ ಯಂತ್ರದಿಂದ ಕಥೆಯನ್ನೇಕೆ ಹೇಳಬಾರದೆಂದು ಆಕೆ ಯಜಮಾನರನ್ನು ಕೇಳಿದರು. ಕಚೇರಿಯ ಕೆಲಸಕ್ಕೆ ತೊಡಕಾಗದಿದ್ದರೆ ಆಗಬಹುದೆಂದು ಒಪ್ಪಿಗೆ ದೊರೆಯಿತು. ೧೮೯೬ರಿಂದ ಆಕೆ ಚಿತ್ರಗಳನ್ನು ತೆಗೆದರು. ೧೯೧೦ರಲ್ಲಿ ಅಮೆರಿಕದಲ್ಲಿ ಸೋಲಾಕ್ಸ್ ಎಂಬ ಸ್ವಂತ ಕಂಪೆನಿಯನ್ನೇ ಕಟ್ಟಿದರು. ಆದರೂ ಆಕೆಯ ಎಷ್ಟೋ ಚಿತ್ರಗಳು ಗಂಡಸರ ಹೆಸರಿಗೆ ದಾಖಲಾದವು. ಮುಪ್ಪಿನಲ್ಲಿ ಆಕೆ ತಾವು ತೆಗೆದ ಚಿತ್ರಗಳ ಪಟ್ಟಿಯನ್ನು ನೆನಪಿನಿಂದ ತಾವೇ ಬರೆಯಬೇಕಾಯಿತು.